ಮುಗಿಯದ ಕತೆಯ ಮನೆಮಂದಿ



ಕತೆ ಹೇಳುವವರಿಗೆ ಒಂದು ದೊಡ್ಡ ಅನುಕೂಲವಿದೆ. ಬೇಕಾದ ಕಡೆ ನಿಲ್ಲಿಸಿಬಿಡಬಹುದು. ಅಜ್ಜಿ ಹೇಳುವ ಕತೆಯಲ್ಲಿ ರಾಜಕುಮಾರನಿಗೂ ರಾಜಕುಮಾರಿಗೂ ಮದುವೆಯಾಯಿತೆಂದರೆ ಮುಗಿಯಿತು, ಮಗು ಮಗ್ಗುಲಾಗಿ ಮಲಗುತ್ತದೆ. ಆಮೇಲೆ ಅವರಿಬ್ಬರೂ ಮಾತು ಬಿಟ್ಟರೇ, ಅತ್ತೆ-ಸೊಸೆ ಹೊಂದಿಕೊಂಡರೇ, ಹುಟ್ಟಿದ ಮಗ ಹೇಳಿದ ಮಾತು ಕೇಳಿದನೇ, ಇದನ್ನೆಲ್ಲ ಯಾರೂ ವಿಚಾರಿಸುವುದಿಲ್ಲ.

ಈ ಅನುಕೂಲವೇ ಇಲ್ಲದ ಕತೆಗಾರರ ಬಗ್ಗೆ ಇವತ್ತು ಮಾತನಾಡುತ್ತೇನೆ. ಅಮೆರಿಕದಲ್ಲಿ ಮಧ್ಯಾಹ್ನದ ಹೊತ್ತು ಬರುವ ಧಾರಾವಾಹಿಗಳು ವಾರಕ್ಕೆ ಐದು ದಿನದಂತೆ ನಲವತ್ತು, ಐವತ್ತು, ಎಪ್ಪತ್ತು ವರ್ಷ ಓಡಿವೆ. ನಮ್ಮಲ್ಲಿ ಒಂದು ಸೀರಿಯಲ್ ಸಾವಿರ ಕಂತು ದಾಟಿದರೆ ಕೇಕ್ ಕತ್ತರಿಸುತ್ತಾರೆ. ಅಲ್ಲಿನ ‘ಗೈಡಿಂಗ್ ಲೈಟ್’ ಹದಿನೆಂಟು ಸಾವಿರಕ್ಕೂ ಹೆಚ್ಚು ಕಂತು ಬಂತು. ಅಷ್ಟು ಕಾಲ ಅವೇ ಮನೆಗಳನ್ನು, ಅವೇ ಗಂಡ-ಹೆಂಡಿರನ್ನು ಎಳೆದುಕೊಂಡು ಹೋಗುವುದು ಹೇಗೆ?

ಬಾನುಲಿಯಲ್ಲಿ ಕೂತು ಈ ಮಾತಾಡಲು ನನಗೆ ಹಕ್ಕಿದೆ. ಏಕೆಂದರೆ ಈ ಕಲೆ ಹುಟ್ಟಿದ್ದು ರೇಡಿಯೋದಲ್ಲಿ. 1930ರ ದಶಕದಲ್ಲಿ ಮನೆಗೆಲಸದ ನಡುವೆ ರೇಡಿಯೋ ಹಾಕಿಕೊಳ್ಳುತ್ತಿದ್ದ ಗೃಹಿಣಿಯರಿಗಾಗಿ ಹದಿನೈದು ನಿಮಿಷದ ನಾಟಕಗಳು ಬಂದವು. ದುಡ್ಡು ಕೊಟ್ಟವರು ಸೋಪು ಕಂಪನಿಯವರು. ‘ಸೋಪ್ ಆಪೆರಾ’ ಎಂಬ ಅಡ್ಡಹೆಸರು ಅಂಟಿಕೊಂಡಿದ್ದು ಹಾಗೆ. ಶಿಕಾಗೋದ ಇರ್ನಾ ಫಿಲಿಪ್ಸ್ ಎಂಬ ಹೆಣ್ಣುಮಗಳು ಇದರ ಮೂಲಪುರುಷ ಎನ್ನಬೇಕು, ಆ ಪದಕ್ಕೆ ಹೆಣ್ಣುರೂಪ ಇಲ್ಲದ್ದು ನನ್ನ ತಪ್ಪಲ್ಲ. ಆಕೆಯ ‘ಗೈಡಿಂಗ್ ಲೈಟ್’ 1937ರ ಜನವರಿಯಲ್ಲಿ ರೇಡಿಯೋದಲ್ಲಿ ಶುರುವಾಯಿತು, 1952ರಲ್ಲಿ ಟಿ.ವಿ.ಗೆ ಬಂತು. ಆಮೇಲೂ ನಾಲ್ಕು ವರ್ಷ ಅದೇ ಕತೆ ಎರಡೂ ಕಡೆ ನಡೆಯಿತು. ನಟರು ಕ್ಯಾಮೆರಾ ಮುಂದೆ ಅಭಿನಯಿಸಿದ್ದನ್ನೇ ಮೈಕಿನ ಮುಂದೆ ಇನ್ನೊಮ್ಮೆ ಹೇಳುತ್ತಿದ್ದರು.

1956ರ ಏಪ್ರಿಲ್ 2ರಂದು ಇದೇ ಫಿಲಿಪ್ಸ್ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಎಂಬ ಇನ್ನೊಂದು ಧಾರಾವಾಹಿ ತಂದರು. ಇಲಿನಾಯ್ಸ್ ರಾಜ್ಯದ ಓಕ್‌ಡೇಲ್ ಎಂಬ ಕಲ್ಪಿತ ಊರು. ಅಲ್ಲಿ ಹ್ಯೂಸ್ ಎಂಬುವರ ಮನೆತನ. ಯಜಮಾನ ವಕೀಲ ಕ್ರಿಸ್, ಹೆಂಡತಿ ನ್ಯಾನ್ಸಿ, ಮಕ್ಕಳು, ಮನೆಯಲ್ಲೇ ಇರುವ ತಾತ. ಮೊದಲ ಕಂತಿನ ಮೊದಲ ಮಾತು ನ್ಯಾನ್ಸಿಯದು. ಬೆಳಗ್ಗೆ ಎದ್ದು ಗಂಡನಿಗೆ ‘ಗುಡ್ ಮಾರ್ನಿಂಗ್’ ಹೇಳುತ್ತಾಳೆ, ಅಷ್ಟೇ. ಕೊಲೆಯಿಲ್ಲ, ಕಳ್ಳತನವಿಲ್ಲ. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಊರಿನವರ ವಿಷಯ ಮಾತಾಡುತ್ತಾರೆ. ಇದನ್ನೇನು ನೋಡುವುದು ಎನ್ನಬಹುದು. ಆದರೆ ದಿನಾ ಅರ್ಧ ಗಂಟೆ ಒಂದು ಅಡುಗೆಮನೆಯಲ್ಲಿ ಕೂತವರಿಗೆ ಕೆಲವು ತಿಂಗಳಲ್ಲಿ ಆ ಮನೆ ನೆಂಟರ ಮನೆಯಾಗುತ್ತದೆ.

1963ರ ನವೆಂಬರ್ 22ರ ಮಧ್ಯಾಹ್ನದ ಕಂತನ್ನು ತೆಗೆದುಕೊಳ್ಳಿ. ಆಗ ಧಾರಾವಾಹಿ ನೇರಪ್ರಸಾರ. ನ್ಯಾನ್ಸಿ ಮಾವನ ಹತ್ತಿರ ಒಂದು ವಿಷಯ ಹೇಳುತ್ತಿದ್ದಾಳೆ. ಮಗ ಡಾಕ್ಟರ್ ಬಾಬ್ ಹಬ್ಬದ ಊಟಕ್ಕೆ ತನ್ನ ಮಾಜಿ ಹೆಂಡತಿ ಲೀಸಾಳನ್ನು ಕರೆದಿದ್ದಾನಂತೆ. ಬಿಟ್ಟುಹೋದ ಸೊಸೆ ಮತ್ತೆ ಹೊಸಿಲು ತುಳಿಯುವುದೆಂದರೆ ಯಾವ ದೇಶದಲ್ಲಾದರೂ ಅದು ಸುದ್ದಿಯೇ. ಮಾತು ಅರ್ಧದಲ್ಲಿರುವಾಗ ಪರದೆಯ ಮೇಲೆ ಸುದ್ದಿ ಪ್ರಕಟಣೆಯ ಫಲಕ ಬಂತು. ಡಲ್ಲಸ್ ನಗರದಲ್ಲಿ ಅಧ್ಯಕ್ಷ ಕೆನೆಡಿಯವರ ಮೇಲೆ ಗುಂಡು ಹಾರಿದೆ ಎಂದು ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಅವರ ದನಿ ಹೇಳಿತು. ಸ್ಟುಡಿಯೋದಲ್ಲಿದ್ದ ನಟರಿಗೆ ಇದು ತಿಳಿಯದು. ಅವರು ಲೀಸಾಳ ಊಟದ ಮಾತು ಮುಂದುವರಿಸಿದರು. ಆ ಕೊಲೆಯ ಸುದ್ದಿಯನ್ನು ಎಷ್ಟೋ ಅಮೆರಿಕನ್ನರು ಕೇಳಿದ್ದು ನ್ಯಾನ್ಸಿಯ ಮನೆಯಲ್ಲಿ ಕೂತು.

ಇಂಥ ನಂಟು ಬೆಳೆದ ಮೇಲೆ ಬರೆಯುವವರ ಕಷ್ಟ ಶುರುವಾಗುತ್ತದೆ. ನೋಡುವವರು ಮರೆಯುವುದಿಲ್ಲ. ಬರಹಗಾರರು ಬದಲಾಗುತ್ತಾರೆ, ನಿರ್ಮಾಪಕರು ಬದಲಾಗುತ್ತಾರೆ, ನಟರ ಕರಾರನ್ನೂ ಹದಿಮೂರು ವಾರಕ್ಕೊಮ್ಮೆ ಕಡಿದುಹಾಕಲು ಅವಕಾಶ ಇಟ್ಟುಕೊಂಡಿರುತ್ತಾರೆ. ಬದಲಾಗದೆ ಉಳಿಯುವವಳು ಸೋಫಾದ ಮೇಲೆ ಕೂತು ಬಟ್ಟೆ ಮಡಿಸುತ್ತಿರುವ ಪ್ರೇಕ್ಷಕಿ ಒಬ್ಬಳೇ. ಯಾರು ಯಾರಿಗೆ ಯಾವ ವರ್ಷ ದ್ರೋಹ ಮಾಡಿದರು ಎಂಬ ಲೆಕ್ಕ ಅವಳ ತಲೆಯಲ್ಲಿದೆ. ಧಾರಾವಾಹಿಯ ನಿಜವಾದ ಬಂಡವಾಳ ಆ ನೆನಪು. ಅದನ್ನು ಬೆಳೆಸಿದವರು ಉಳಿದರು, ಖರ್ಚು ಮಾಡಿದವರು ಮುಳುಗಿದರು ಎಂಬುದು ನನ್ನ ಅಭಿಪ್ರಾಯ.

ಬೆಳೆಸಿದ್ದಕ್ಕೆ ಉದಾಹರಣೆ ಅದೇ ಬಾಬ್. 1972ರಲ್ಲಿ ಅವನು ಜೆನಿಫರ್ ಎಂಬಾಕೆಯ ಗಂಡ. ಜೆನಿಫರಳ ತಂಗಿ ಕಿಮ್ ಊರಿಗೆ ಬಂದಳು. ಒಂದು ದುರ್ಬಲ ರಾತ್ರಿ ಬಾಬ್ ಮತ್ತು ಕಿಮ್ ಹತ್ತಿರವಾದರು, ಕಿಮ್ ಬಸುರಿಯಾದಳು. ಇರ್ನಾ ಫಿಲಿಪ್ಸ್ ಸ್ವತಃ ಮದುವೆಯಾಗದೆ ಇಬ್ಬರು ಮಕ್ಕಳನ್ನು ದತ್ತು ತೆಗೆದುಕೊಂಡು ಸಾಕಿದವರು. ಕಿಮ್ ತನ್ನದೇ ಪಡಿಯಚ್ಚು ಎನ್ನುತ್ತಿದ್ದರು, ಅವಳಿಗೆ ಶಿಕ್ಷೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಪ್ರೇಕ್ಷಕರು ಕೆರಳಿದರು. ಬಾಬ್ ಅವರ ಕಣ್ಣೆದುರೇ ಬೆಳೆದ ಸಭ್ಯ ಹುಡುಗ, ಅವನು ಹೀಗೆ ಮಾಡುವುದೇ! ಗಲಾಟೆ ಜೋರಾಯಿತು. ತಾವೇ ಕಟ್ಟಿದ ಧಾರಾವಾಹಿಯಿಂದ ಫಿಲಿಪ್ಸ್ ಹೊರಬೀಳಬೇಕಾಯಿತು. 1973ರ ಡಿಸೆಂಬರಿನಲ್ಲಿ ತೀರಿಕೊಂಡರು. ಕತೆಯಲ್ಲಿ ಕಿಮ್‌ಳ ಮಗು ಉಳಿಯಲಿಲ್ಲ.

ಬೇರೆ ಕಡೆಯಾಗಿದ್ದರೆ ಇಷ್ಟಕ್ಕೆ ಕತೆ ಮುಗಿಯುತ್ತಿತ್ತು. ಇಲ್ಲಿ ಕಿಮ್ ಊರಲ್ಲೇ ಉಳಿದಳು. ಬೇರೆ ಮದುವೆಗಳಾದವು, ಮುರಿದವು. ಬಾಬ್‌ಗೂ ಹಾಗೆಯೇ. ಕೊನೆಗೆ 1985ರಲ್ಲಿ ಇಬ್ಬರೂ ಮದುವೆಯಾದರು. ಹದಿಮೂರು ವರ್ಷ! ಅಷ್ಟರಲ್ಲಿ ಹಳೆಯ ಸಿಟ್ಟು ಕರಗಿತ್ತು. ಅಂದು ಬೈದು ಕಾಗದ ಬರೆದವರಲ್ಲಿ ಕೆಲವರಾದರೂ ಈ ಮದುವೆಗೆ ಕಣ್ಣೊರೆಸಿಕೊಂಡಿರಬೇಕು. ಸಿನಿಮಾದಲ್ಲಿ ‘ಹಲವು ವರ್ಷಗಳ ನಂತರ’ ಎಂದು ಬರೆದು ತೋರಿಸುತ್ತಾರೆ. ಇಲ್ಲಿ ಆ ವರ್ಷಗಳನ್ನು ನೋಡುವವರೂ ಬದುಕಿ ಬಂದಿರುತ್ತಾರೆ.

ಹಾಗೆಂದು ಎಲ್ಲರಿಗೂ ಒಂದೇ ವೇಗದಲ್ಲಿ ವಯಸ್ಸಾಗುತ್ತದೆ ಎಂದುಕೊಳ್ಳಬೇಡಿ. ದೊಡ್ಡವರಿಗೆ ನಿಧಾನ, ಮಕ್ಕಳಿಗೆ ಭಾರಿ ಅವಸರ. ಬಾಬ್-ಲೀಸಾರ ಮಗ ಟಾಮ್ 1961ರಲ್ಲಿ ಹುಟ್ಟಿದ. ಆ ದಶಕ ಮುಗಿಯುವಷ್ಟರಲ್ಲಿ ಕಾಲೇಜಿಗೆ ಹೋಗುವ ಯುವಕ! ಕಾರಣ ಸರಳ. ತೊಟ್ಟಿಲ ಕೂಸಿಗೆ ಪ್ರೇಮಪ್ರಕರಣ ಬರೆಯಲಾಗುವುದಿಲ್ಲ. ಮಗುವನ್ನು ಮಹಡಿಯ ಮೇಲೆ ಮಲಗಿಸುತ್ತಾರೆ, ಇಲ್ಲವೇ ಹಾಸ್ಟೆಲಿಗೆ ಕಳಿಸುತ್ತಾರೆ. ಕೆಳಗಿಳಿದು ಬರುವಾಗ ಅದಕ್ಕೆ ಮೀಸೆ ಬಂದಿರುತ್ತದೆ. ಈ ವಿಚಿತ್ರಕ್ಕೆ ಅಲ್ಲಿನವರು ಕಾಯಿಲೆಯ ಹೆಸರನ್ನೇ ಕೊಟ್ಟಿದ್ದಾರೆ, ‘ಸೋಪ್ ಆಪೆರಾ ರ‍್ಯಾಪಿಡ್ ಏಜಿಂಗ್ ಸಿಂಡ್ರೋಮ್’, ಚಿಕ್ಕದಾಗಿ ‘ಸೋರಾಸ್’.

ಮಗ ಹೀಗೆ ಬೆಳೆದರೆ ತಾಯಿಯ ಗತಿ? ಲೀಸಾ ಪಾತ್ರದ ಐಲೀನ್ ಫುಲ್ಟನ್ ಜಾಣೆ. ನಾಯಕಿ ಅಜ್ಜಿಯಾದರೆ ಪ್ರೇಮದ ಕತೆ ತಪ್ಪಿತು ಎಂದು ಅವರಿಗೆ ಗೊತ್ತಿತ್ತು. ತನ್ನ ಪಾತ್ರವನ್ನು ಅಜ್ಜಿ ಮಾಡಕೂಡದೆಂದು ಒಂದು ಕಾಲಕ್ಕೆ ಕರಾರಿನಲ್ಲೇ ಬರೆಸಿಕೊಂಡಿದ್ದರು. ‘ಗ್ರ್ಯಾನಿ ಕ್ಲಾಜ್’, ಅಂದರೆ ಅಜ್ಜಿ ಷರತ್ತು, ಎಂದು ಅದು ಹೆಸರುವಾಸಿಯಾಯಿತು. 1960ರಲ್ಲಿ ಬಂದ ಅವರು ಧಾರಾವಾಹಿಯ ಕೊನೆಯ ವರ್ಷವಾದ 2010ರಲ್ಲೂ ಇದ್ದರು. ನಡುವೆ ಲೀಸಾಳಿಗಾದ ಮದುವೆಗಳನ್ನು ಎಣಿಸಲು ಒಂದು ಕೈಯ ಬೆರಳು ಸಾಲದು.

ನಟ ಬಿಟ್ಟುಹೋದರೆ ಏನು ಮಾಡುವುದು? ಹಳೆಯ ಉಪಾಯ ರೇಡಿಯೋ ಕಾಲದ್ದೇ. ಈ ಪಾತ್ರವನ್ನು ಇಂದಿನಿಂದ ಇಂಥವರು ವಹಿಸುತ್ತಾರೆ ಎಂದು ಹಿನ್ನೆಲೆಯ ದನಿಯೊಂದು ಹೇಳಿಬಿಡುತ್ತದೆ. ಅಮ್ಮ ಹೊಸ ಮುಖಕ್ಕೆ ‘ಮಗನೇ’ ಅನ್ನುತ್ತಾಳೆ. ಯಕ್ಷಗಾನ ಕಂಡ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಒಂದೇ ರಾತ್ರಿ ಪ್ರಸಂಗದ ಮೊದಲ ಭಾಗಕ್ಕೆ ಒಬ್ಬರು ಕೌರವ, ಬೆಳಗಿನ ಜಾವಕ್ಕೆ ಇನ್ನೊಬ್ಬರು. ಯಾರೂ ತಕರಾರು ಮಾಡುವುದಿಲ್ಲ. ಕೌರವ ಯಾವ ಕಲಾವಿದನ ಸ್ವತ್ತೂ ಅಲ್ಲ, ಅವನು ಕತೆಗೆ ಸೇರಿದವನು. ಧಾರಾವಾಹಿಯಲ್ಲಿ ಹಾಗಾಗುವುದಿಲ್ಲ, ಅಲ್ಲಿ ಮುಖವೇ ಪಾತ್ರ. ನಮ್ಮ ದೊಡ್ಡಮ್ಮ ನೋಡುತ್ತಿದ್ದ ಒಂದು ಸೀರಿಯಲ್ಲಿನಲ್ಲಿ ನಾಯಕನಿಗೆ ಕಾರು ಅಪಘಾತವಾಗಿ, ಪ್ಲಾಸ್ಟಿಕ್ ಸರ್ಜರಿ ಮಾಡಿಸಿ, ಬ್ಯಾಂಡೇಜ್ ಬಿಚ್ಚಿದಾಗ ಹೊಸ ನಟ ಬಂದ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, ‘ಮುಖ ಬದಲಾಯ್ತು ಸರಿ ಕಣೋ, ನಾಲ್ಕಂಗುಲ ಎತ್ತರ ಎಲ್ಲಿ ಹೋಯ್ತು?’ ಎಂದರು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ, ಅವರು ನೋಡುವುದನ್ನೂ ಬಿಡಲಿಲ್ಲ. ಮುಖವೇ ಪಾತ್ರ ಎಂಬುದಕ್ಕೆ ಇನ್ನೊಂದು ಉದಾಹರಣೆ. ‘ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್’ನಲ್ಲಿ ಕ್ಯಾಥರಿನ್ ಚಾನ್ಸಲರ್ ಪಾತ್ರದ ಜೀನ್ ಕೂಪರ್ 1984ರಲ್ಲಿ ಮುಖದ ಸುಕ್ಕು ತೆಗೆಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆ ನಿಜವಾದ ಶಸ್ತ್ರಚಿಕಿತ್ಸೆಯ ಚಿತ್ರಣವನ್ನೇ ಕತೆಯಲ್ಲಿ ತೋರಿಸಿದರು.

ಇನ್ನು ಸಾವು. ಶವ ಸಿಗಲಿಲ್ಲ ಎಂದರೆ ಸತ್ತಿಲ್ಲ ಎಂದೇ ಅರ್ಥ. ‘ಗೈಡಿಂಗ್ ಲೈಟ್’ನ ಖಳ ರಾಜರ್ ಥಾರ್ಪ್ 1980ರಲ್ಲಿ ಬಂಡೆಯ ತುದಿಯಿಂದ ಬಿದ್ದು ಹೋದ, 1989ರಲ್ಲಿ ಗಟ್ಟಿಮುಟ್ಟಾಗಿ ಬಂದ. ಒಮ್ಮೆ ಮಾಡಿದರೆ ಮೈ ಜುಮ್ಮೆನ್ನುತ್ತದೆ. ಊರಲ್ಲಿ ಅರ್ಧ ಜನ ಸತ್ತು ಬಂದವರಾದರೆ ಮುಂದಿನ ಸಾವಿಗೆ ಯಾರು ಅಳುತ್ತಾರೆ? ನೆನಪನ್ನು ಖರ್ಚು ಮಾಡುವುದೆಂದರೆ ಇದೇ. ಇದಕ್ಕಿಂತ ಕೆಟ್ಟದ್ದೂ ಉಂಟು. ‘ಆಲ್ ಮೈ ಚಿಲ್ಡ್ರನ್’ನ ಎರಿಕಾ ಕೇನ್ 1973ರಲ್ಲಿ ಗರ್ಭಪಾತ ಮಾಡಿಸಿಕೊಳ್ಳುತ್ತಾಳೆ. ಅಮೆರಿಕದ ಟಿ.ವಿ.ಯಲ್ಲಿ ಅದು ದೊಡ್ಡ ಧೈರ್ಯದ ಕೆಲಸವಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಬಂದ ಬರಹಗಾರರು, ಆ ಭ್ರೂಣವನ್ನು ಡಾಕ್ಟರು ಕದ್ದು ಇನ್ನೊಬ್ಬಳ ಹೊಟ್ಟೆಯಲ್ಲಿಟ್ಟಿದ್ದ, ಈಗ ಬೆಳೆದುನಿಂತಿರುವ ಈ ಯುವಕನೇ ಆ ಮಗು ಎಂದುಬಿಟ್ಟರು. ಒಬ್ಬ ಹೊಸ ಹುಡುಗನನ್ನು ತರಲು ಒಂದು ಹೆಣ್ಣಿನ ನಿರ್ಧಾರವನ್ನೇ ಅಳಿಸಿಹಾಕಿದರು. ನನಗೆ ಇದು ಅಕ್ಷಮ್ಯವಾಗಿ ಕಾಣುತ್ತದೆ.

ಅಳಿಸದೆ ತಿದ್ದಿಕೊಂಡದ್ದೂ ಉಂಟು. ‘ಜನರಲ್ ಹಾಸ್ಪಿಟಲ್’ ಎಂಬ ಧಾರಾವಾಹಿಯ ಲ್ಯೂಕ್ ಮತ್ತು ಲಾರಾ ಮದುವೆಯನ್ನು 1981ರ ನವೆಂಬರಿನಲ್ಲಿ ಸುಮಾರು ಮೂರು ಕೋಟಿ ಜನ ನೋಡಿದರು. ಆದರೆ ಆ ಸಂಬಂಧ ಶುರುವಾದದ್ದು 1979ರಲ್ಲಿ ಲ್ಯೂಕ್ ಅವಳ ಮೇಲೆ ನಡೆಸಿದ ಅತ್ಯಾಚಾರದಿಂದ. ಜೋಡಿ ಜನಪ್ರಿಯವಾದ ಮೇಲೆ ಆ ವಿಷಯದ ಮೇಲೆ ಹೂವು ಮುಚ್ಚಿದರು. ಮುಚ್ಚಿದ್ದು ಮುಚ್ಚಿಯೇ ಉಳಿಯಲಿಲ್ಲ. 1998ರಲ್ಲಿ ಅವರ ಮಗನಿಗೆ ಸತ್ಯ ತಿಳಿಯಿತು, ಅಪ್ಪ ಅವನೆದುರು ನಿಂತು ಉತ್ತರ ಕೊಡಬೇಕಾಯಿತು. ಹತ್ತೊಂಬತ್ತು ವರ್ಷ ತಡವಾಗಿಯಾದರೂ ಹಳೆಯ ಸಾಲ ತೀರಿಸಲು ಕೂತರಲ್ಲ, ಅದು ದೊಡ್ಡದು.

ಹಳೆಯ ಪಾತ್ರಕ್ಕೆ ಮಾತ್ರ ಸಾಧ್ಯವಾಗುವ ಕೆಲಸ ಒಂದಿದೆ. ‘ಗೈಡಿಂಗ್ ಲೈಟ್’ನ ಬರ್ಟ್ ಬವರ್ ಪಾತ್ರವನ್ನು ಶರೀಟಾ ಬವರ್ 1950ರಿಂದ, ರೇಡಿಯೋದ ದಿನಗಳಿಂದಲೇ, ಮಾಡುತ್ತಿದ್ದರು. ಪಾತ್ರಕ್ಕೂ ನಟಿಗೂ ಒಂದೇ ಮನೆಹೆಸರು. 1962ರಲ್ಲಿ ಬರಹಗಾರ್ತಿ ಆಗ್ನಿಸ್ ನಿಕ್ಸನ್, ಬರ್ಟ್‌ಗೆ ಗರ್ಭಕೋಶದ ಕ್ಯಾನ್ಸರ್ ಶುರುವಿನಲ್ಲೇ ಪತ್ತೆಯಾಗುವ ಕತೆ ಬರೆಯಲು ಹೊರಟರು. ಪ್ಯಾಪ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೆಂಗಸರಿಗೆ ತಿಳಿಸುವುದು ಅವರ ಉದ್ದೇಶ. ಚಾನೆಲ್ಲಿನವರು ಒಪ್ಪಿದರು. ಆದರೆ ‘ಕ್ಯಾನ್ಸರ್’ ಎಂಬ ಪದ ಬರಕೂಡದು, ‘ಗರ್ಭಕೋಶ’ ಬರಕೂಡದು, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಯ ಹೆಸರೂ ಬರಕೂಡದು! ಆ ಮೂರೂ ಪದಗಳಿಲ್ಲದೆ ನಿಕ್ಸನ್ ಕತೆ ಬರೆದರು. ನೋಡುವವರಿಗೆ ಅರ್ಥವಾಯಿತು. ಹನ್ನೆರಡು ವರ್ಷದಿಂದ ಗೊತ್ತಿದ್ದ ಹೆಂಗಸು ಡಾಕ್ಟರ ಹತ್ತಿರ ಹೋಗುತ್ತಿದ್ದಾಳೆ, ಅವಳ ಮುಖ ನೋಡಿದರೆ ಸಾಕು.

ನಮಗೆ ಇವು ಪೂರ್ತಿ ಅಪರಿಚಿತವಲ್ಲ. 1990ರ ದಶಕದ ಮೊದಲಲ್ಲಿ ಕೇಬಲ್ ತಂತಿ ಮನೆಮನೆಗೆ ಬಂದಾಗ ಸ್ಟಾರ್ ಪ್ಲಸ್‌ನಲ್ಲಿ ‘ದ ಬೋಲ್ಡ್ ಆ್ಯಂಡ್ ದ ಬ್ಯೂಟಿಫುಲ್’, ‘ಸಾಂತಾ ಬಾರ್ಬರಾ’ ನೋಡಿದವರು ನಿಮ್ಮಲ್ಲಿ ಇರುತ್ತೀರಿ. ಅತ್ತಿಗೆ-ಮೈದುನ, ಮಾವ-ಸೊಸೆ ಎಂಬ ಭೇದವಿಲ್ಲದೆ ಅಲ್ಲಿ ನಡೆಯುತ್ತಿದ್ದ ಮದುವೆಗಳನ್ನು ಕಂಡು ನಾವು ಬಾಯಿಮೇಲೆ ಕೈಯಿಟ್ಟೆವು, ಮರುದಿನ ಮತ್ತೆ ನೋಡಿದೆವು. ಅದಕ್ಕೂ ಕಾರಣವಿದೆ. ಊರು ಸಣ್ಣದು, ಪಾತ್ರಗಳು ಹದಿನೈದೋ ಇಪ್ಪತ್ತೋ, ವರ್ಷಗಳು ಮೂವತ್ತು. ಸಂಬಂಧಗಳು ಸುತ್ತಿ ಸುತ್ತಿ ಅದೇ ಜನರಲ್ಲಿ ಗಂಟು ಬೀಳದೆ ಇನ್ನೇನಾಗುತ್ತದೆ? ಜತೆಗೆ, ಸುಖವಾಗಿರುವ ದಂಪತಿಗೆ ದಿನಕ್ಕೊಂದು ಕಂತು ಬರೆಯುವಷ್ಟು ಮಾತು ಸಿಗುವುದಿಲ್ಲ.

ಈಗ ಈ ಧಾರಾವಾಹಿಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಹಗಲು ಹೊತ್ತು ಮನೆಯಲ್ಲಿದ್ದ ಹೆಂಗಸರು ಕೆಲಸಕ್ಕೆ ಹೊರಟರು, ಚಾನೆಲ್ಲುಗಳಿಗೆ ಮಾತುಕತೆಯ ಕಾರ್ಯಕ್ರಮ ಅಗ್ಗವಾಯಿತು. ‘ಗೈಡಿಂಗ್ ಲೈಟ್’ 2009ರ ಸೆಪ್ಟೆಂಬರಿನಲ್ಲಿ ನಿಂತಿತು. ಮುಂದಿನ ವರ್ಷ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಸರದಿ.

ನ್ಯಾನ್ಸಿ ಪಾತ್ರವನ್ನು ಮೊದಲ ಕಂತಿನಿಂದ ಮಾಡಿದವರು ಹೆಲನ್ ವ್ಯಾಗ್ನರ್. ಗಂಡನ ಪಾತ್ರಧಾರಿ 1986ರಲ್ಲಿ ತೀರಿಕೊಂಡಾಗ ನ್ಯಾನ್ಸಿಯೂ ಕತೆಯಲ್ಲಿ ವಿಧವೆಯಾದಳು. ಒಂದೇ ಪಾತ್ರವನ್ನು ಟಿ.ವಿ.ಯಲ್ಲಿ ಅತಿ ದೀರ್ಘಕಾಲ ನಿರ್ವಹಿಸಿದವರೆಂದು ಗಿನ್ನೆಸ್ ದಾಖಲೆ ವ್ಯಾಗ್ನರ್ ಹೆಸರಿನಲ್ಲಿತ್ತು. 2010ರ ಮೇ 1ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೆಲವು ತಿಂಗಳ ಮೇಲೆ ನ್ಯಾನ್ಸಿಯ ಸಾವೂ ಕತೆಯಲ್ಲಿ ಬಂತು. ಸೆಪ್ಟೆಂಬರ್ 17ರ ಕೊನೆಯ ಕಂತಿನಲ್ಲಿ, 1960ರಿಂದ ಡಾನ್ ಹೇಸ್ಟಿಂಗ್ಸ್ ಮಾಡುತ್ತಿದ್ದ ಡಾಕ್ಟರ್ ಬಾಬ್ ನಿವೃತ್ತನಾಗುತ್ತಾನೆ. ಕಿಮ್ ಇನ್ನೂ ಅವನ ಹೆಂಡತಿ. ಆಸ್ಪತ್ರೆಯ ತನ್ನ ಕೋಣೆಯನ್ನು ಒಮ್ಮೆ ತಿರುಗಿ ನೋಡಿ ಅವನು ಹೇಳಿದ್ದು ‘ಗುಡ್ ನೈಟ್’. ಐವತ್ತನಾಲ್ಕು ವರ್ಷದ ಹಿಂದೆ ಅವನ ತಾಯಿ ಹೇಳಿದ ‘ಗುಡ್ ಮಾರ್ನಿಂಗ್’ನಿಂದ ಶುರುವಾದ ಧಾರಾವಾಹಿಯ ಕೊನೆಯ ಮಾತು ಅದೇ.