ಆಟದ ಡೋಲಿ, ನಿಜದ ಡೋಲಿ

(ಖಾನಾಪುರ ತಾಲ್ಲೂಕಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಳೆ ಹಿಡಿದು ಗುಡ್ಡಗಳು ಹಸಿರಾದೊಡನೆ ಬೆಳಗಾವಿಯಿಂದ ಜಾಂಬೋಟಿಯ ದಾರಿಯಲ್ಲಿ ಬಸ್ಸುಗಳು ಬರತೊಡಗುತ್ತವೆ. ಒಂದೇ ಬಣ್ಣದ ಅಂಗಿ ತೊಟ್ಟ ಮೂವತ್ತು ನಲವತ್ತು ಜನ ಇಳಿಯುತ್ತಾರೆ. ಯಾವುದೋ ಕಂಪನಿ ತನ್ನ ನೌಕರರಿಗೆ ಏರ್ಪಡಿಸಿದ ‘ಸಾಹಸ ದಿನ’ ಅದು. ಹಗ್ಗ ಹಿಡಿದು ಬಂಡೆ ಇಳಿಯುವುದು, ಹಳ್ಳ ದಾಟುವುದು, ಎರಡು ಬಿದಿರಿಗೆ ಹಗ್ಗ ಸುತ್ತಿ ಡೋಲಿ ಮಾಡಿ ಒಬ್ಬ ಸಹೋದ್ಯೋಗಿಯನ್ನು ಹೊತ್ತು ನಡೆಯುವುದು. ಸಂಜೆಗೆ ಚಹಾ, ಛಾಯಾಚಿತ್ರ, ವಾಪಸು ಪ್ರಯಾಣ.

ಇವರು ಬರಬಾರದೆಂದು ಹೇಳಲು ನಾನು ಇಲ್ಲಿ ನಿಂತಿಲ್ಲ. ವಾರವಿಡೀ ಗೋಡೆಗಳ ನಡುವೆ ದುಡಿಯುವವರಿಗೆ ಒಂದು ದಿನ ಗುಡ್ಡದ ಗಾಳಿ ಬೇಕು. (ಉದ್ಯಮಬಾಗದ ಫೌಂಡ್ರಿಗಳಲ್ಲಿ ಕುಲುಮೆಯೆದುರು ನಿಲ್ಲುವ ಕೆಲಸಗಾರನಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕು. ಆ ಬಸ್ಸಿನಲ್ಲಿ ಅವನಿಗೆ ಸೀಟು ಇರುತ್ತದೆಯೇ ಎಂಬುದು ಬೇರೆ ಪ್ರಶ್ನೆ.)

ಈ ಪದ್ಧತಿಯ ಮೂಲ ಗಂಭೀರವಾದುದು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಶಿಕ್ಷಣತಜ್ಞ ಕುರ್ಟ್ ಹಾನ್ ಮತ್ತು ಹಡಗು ಉದ್ಯಮಿ ಲಾರೆನ್ಸ್ ಹೋಲ್ಟ್ ವೇಲ್ಸಿನ ಅಬರ್ಡೋವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ಶಾಲೆ ತೆರೆದರು. ಕಡಲಿನಲ್ಲಿ ಹಡಗು ಮುಳುಗಿದಾಗ ಎಳೆಯ ನಾವಿಕರು ಎದೆಗುಂದದೆ ಬದುಕುಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಅಪಾಯದಲ್ಲಿರುವವನನ್ನು ಹೊತ್ತು ತರುವುದು ಅಲ್ಲಿ ಆಟವಾಗಿರಲಿಲ್ಲ.

ನಮ್ಮಲ್ಲಿಯೂ ಅದು ಆಟವಲ್ಲ. 2024ರ ಜುಲೈ ತಿಂಗಳಿನಲ್ಲಿ ಇದೇ ತಾಲ್ಲೂಕಿನ ಆಮಗಾಂವದ ಮಹಿಳೆಯೊಬ್ಬರು ಅಸ್ವಸ್ಥರಾದಾಗ, ಊರವರು ಕಟ್ಟಿಗೆಯ ಡೋಲಿ ಕಟ್ಟಿ, ಸುರಿಯುವ ಮಳೆಯಲ್ಲಿ, ಕಾಡಿನ ಕೆಸರುದಾರಿಯಲ್ಲಿ ಹಲವು ಕಿಲೋಮೀಟರ್ ಹೊತ್ತು ತಂದು ಆಂಬುಲೆನ್ಸಿಗೆ ಮುಟ್ಟಿಸಿದರು. ಆ ಹೆಗಲುಗಳಿಗೆ ತಂಡಸ್ಫೂರ್ತಿಯನ್ನು ಕಲಿಸಲು ಯಾವ ತರಬೇತುದಾರನೂ ಬಂದಿರಲಿಲ್ಲ. ಅದೇ ದಾರಿ, ಅದೇ ಬಿದಿರು, ಅದೇ ಹಗ್ಗ. ಒಬ್ಬರಿಗೆ ಭಾನುವಾರದ ಉಲ್ಲಾಸ, ಇನ್ನೊಬ್ಬರಿಗೆ ಮಳೆಗಾಲದ ಬಾಳು. ಬರುವ ತಂಡಗಳಿಗೆ ಮೊದಲು ತಿಳಿಯಬೇಕಾದದ್ದು ಇದು, ತಿಳಿಸಬೇಕಾದವರು ನೀವು.

ಇನ್ನು ಕಾಡಿನ ಮಾತು. ಭೀಮಗಡವು 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರ್ ವಿಸ್ತಾರದ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೊರಗಿನವರು ಅದರೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಊರಿನ ಪರಿಚಯಸ್ಥ ಕರೆದೊಯ್ದರೆ ಸಾಕೆಂಬ ಮಾತು ಸರಿಯಲ್ಲ. ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಗಳಲ್ಲಿ ರೌಟನ್ ಹೆಸರಿನ ಬಾವಲಿ ವಾಸಿಸುತ್ತದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿ, ಅರಣ್ಯ ಇಲಾಖೆಯಲ್ಲಿ ಸೇವೆ ಸಲ್ಲಿಸಿ ಮುಂದೆ ಭಾರತದ ಸಸ್ತನಿಗಳ ಸಮೀಕ್ಷೆಗೆ ಪ್ರೇರಕನಾದ ರೌಟನ್‌ನ ಹೆಸರಿಟ್ಟರು. ಅಲ್ಲಿಂದ ಸುಮಾರು ತೊಂಬತ್ತು ವರ್ಷ ಜಗತ್ತಿನ ಬೇರಾವ ಮೂಲೆಯಲ್ಲಿಯೂ ಇದು ಕಂಡುಬಂದಿರಲಿಲ್ಲ. ಆಮೇಲೆ ಮೇಘಾಲಯ ಹಾಗೂ ಕಾಂಬೋಡಿಯಾದಲ್ಲಿ ದೊರಕಿತು. ಹಗಲಿಡೀ ತಲೆಕೆಳಗಾಗಿ ವಿಶ್ರಮಿಸುವ ಈ ಜೀವಿಗೆ ನಲವತ್ತು ಜನರ ಟಾರ್ಚು ಮತ್ತು ಕೇಕೆ ಎಂದರೇನು ಎಂಬುದನ್ನು ಯೋಚಿಸಿ. ಬೆದರಿದ ತಾಯಿ ಹಾರಿದಾಗ ಮರಿ ಕೆಳಗೆ ಬೀಳಬಹುದು. ಗುಹೆಗೆ ಯಾವ ತಂಡವನ್ನೂ ಕರೆದೊಯ್ಯಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ನೂರಿನ್ನೂರು ರೂಪಾಯಿಯ ಆಸೆಗೂ ಬೇಡ.

ನೀರಿನ ವಿಷಯವೂ ಹಾಗೆಯೇ. ಕಣಕುಂಬಿಯ ಸುತ್ತಲಿನ ಗುಡ್ಡಗಳಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಮಲಪ್ರಭೆಯಾಗಿ ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರುತ್ತದೆ, ಇನ್ನೊಂದು ಪಾಲು ಮಹದಾಯಿಯಾಗಿ ಗೋವೆಯ ಕಡಲಿಗೆ ಇಳಿಯುತ್ತದೆ. ಈ ಹಳ್ಳಗಳಲ್ಲಿ ಬಿಟ್ಟುಹೋದ ತಟ್ಟೆ ಲೋಟಗಳು ಎರಡು ಕಡಲುಗಳ ದಾರಿ ಹಿಡಿದಿರುತ್ತವೆ. ಹಳ್ಳಗಳೂ ಮೋಸಗಾರವು. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಕ್ಷಣಮಾತ್ರದಲ್ಲಿ ನೀರು ಏರುತ್ತದೆ. ಮಳೆ ನಿಂತ ಮೇಲೂ ಮಡುವಿನ ಆಳ ಹೊರಗಿನವರಿಗೆ ತಿಳಿಯದು. 2022ರ ನವೆಂಬರಿನಲ್ಲಿ, ಗಡಿಯಾಚೆಯ ಕಿತವಾಡ ಜಲಪಾತಕ್ಕೆ ಹೋದ ಬೆಳಗಾವಿಯ ನಾಲ್ವರು ಹೆಣ್ಣುಮಕ್ಕಳು ಜೀವ ಕಳೆದುಕೊಂಡರು. ಆ ಮನೆಗಳನ್ನು ನೆನೆದರೆ ‘ಸಾಹಸ’ ಎಂಬ ಪದವನ್ನೇ ಎಚ್ಚರದಿಂದ ಬಳಸಬೇಕೆನಿಸುತ್ತದೆ.

ಜನದಟ್ಟಣೆಗೆ ಮಿತಿ ಹಾಕುವುದು ಅಸಾಧ್ಯವೇನಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಚಾರಣಿಗರು ಒಮ್ಮೆಲೇ ನೆರೆದಾಗ ಸರ್ಕಾರ ಚಾರಣಕ್ಕೆ ತಡೆಯೊಡ್ಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮುಂಗಡ ನೋಂದಣಿ ಹಾಗೂ ದಿನಕ್ಕಿಷ್ಟೇ ಜನ ಎಂಬ ನಿಯಮವನ್ನು ತಂದಿತು. ನಮ್ಮ ಪಂಚಾಯಿತಿಗಳು ಇಂಥ ಮಿತಿಯನ್ನು ಕೇಳಿ ಇಲಾಖೆಗೆ ಬರೆಯಬೇಕು. ತಂಡದೊಡನೆ ಊರಿನವರೇ ಮಾರ್ಗದರ್ಶಿಗಳಾಗಿ ನಡೆಯಲಿ, ಅವರಿಗೆ ನ್ಯಾಯವಾದ ದಿನಗೂಲಿ ಸಿಗಲಿ. ಊಟ ನಿಮ್ಮ ಮನೆಯದಾಗಲಿ: ಅಕ್ಕಿ ರೊಟ್ಟಿ, ನಾಚಣಿ, ಜೇನು. ಧ್ವನಿವರ್ಧಕ ಬಸ್ಸಿನಲ್ಲಿಯೇ ಉಳಿಯಲಿ. ಮಳೆಯ ದಿನಗಳಲ್ಲಿ ಗುಡ್ಡ ಏರುವ ಬದಲು ಖಾನಾಪುರದ ಕುಂಬಾರರ ತಿಗರಿಯ ಮುಂದೆ ಕುಳಿತು ಮಡಕೆ ಎತ್ತಲು ಯತ್ನಿಸಲಿ. ಕೈ ನಡುಗುವುದಕ್ಕೆ ಪ್ರಪಾತವೇ ಬೇಕೆಂದಿಲ್ಲ.

ವಿದ್ಯಾರ್ಥಿಗಳಿಗೊಂದು ಕೆಲಸ. ನಿಮ್ಮ ನಿಮ್ಮ ಊರಿನಿಂದ ಆಂಬುಲೆನ್ಸು ನಿಲ್ಲುವ ಸ್ಥಳಕ್ಕೆ ಎಷ್ಟು ದೂರ, ನಡುವೆ ಎಷ್ಟು ಹಳ್ಳ, ಯಾವ ತಿಂಗಳಲ್ಲಿ ದಾರಿ ಕಡಿಯುತ್ತದೆ ಎಂಬುದನ್ನು ನಕಾಶೆಯಲ್ಲಿ ಗುರುತಿಸಿ. ಅದರ ಒಂದು ಪ್ರತಿ ಪಂಚಾಯಿತಿಗೆ, ಒಂದು ತಹಶೀಲ್ದಾರರಿಗೆ, ಇನ್ನೊಂದು ಬಸ್ಸಿನಿಂದ ಇಳಿಯುವ ತಂಡದ ಕೈಗೆ. ಕಾಗದ, ಪೆನ್ಸಿಲು ಆ ಮೇಜಿನ ಮೇಲಿವೆ. ಆಮಗಾಂವ, ತಳೇವಾಡಿ, ಕೃಷ್ಣಾಪುರದ ಕಡೆಯವರು ಮೊದಲು ಬನ್ನಿ.