ಬಾಡಿಗೆ ಮನೆಯ ಬೀಗದ ಕೈ
(ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಮನೆಯ ಭದ್ರತೆ ಎಂದ ಕೂಡಲೇ ನಮಗೆ ನೆನಪಾಗುವುದು ಕಳ್ಳರು. ಬಾಗಿಲಿಗೆ ಒಳ್ಳೆಯ ಬೀಗ ಹಾಕುತ್ತೇವೆ, ಕಿಟಕಿಗೆ ಸರಳು ಇದೆಯೇ ಎಂದು ನೋಡುತ್ತೇವೆ. ಬೇಕಾದದ್ದೇ. ಬಾಡಿಗೆ ಮನೆಗೆ ಹೋದ ದಿನವೇ ಮಾಲೀಕರಿಗೆ ಹೇಳಿ ಬೀಗ ಬದಲಾಯಿಸಿ. ಹಿಂದೆ ಇದ್ದವರ ಬಳಿ ಇನ್ನೊಂದು ಕೈ ಉಳಿದಿದ್ದರೆ ನಮಗೆ ಹೇಗೆ ಗೊತ್ತಾಗಬೇಕು? ಆದರೆ ನಮ್ಮಲ್ಲಿ ಅನೇಕರಿಗೆ ಭಯ ಬೀಗ ಒಡೆದು ಬರುವವನದಲ್ಲ, ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಬರುವವನದು. "ಕರಾರು ನನ್ನ ಹೆಸರಿನಲ್ಲಿದೆ, ನಡಿ ಆಚೆಗೆ" ಎಂದು ನಡುರಾತ್ರಿಯಲ್ಲಿ ಹೊರಗೆ ದೂಡುವ ಗಂಡನಿಂದ ಯಾವ ಬೀಗ ಕಾಪಾಡೀತು? ಇಂದು ನಾನು ಆಡಬೇಕೆಂದಿರುವುದು ಆ ಮಾತು.

ಕರಾರು ಯಾರ ಹೆಸರಿನಲ್ಲಿದೆಯೋ ಮನೆ ಅವರೊಬ್ಬರದೇ ಎಂದು ನಾವು ನಂಬಿದ್ದೇವೆ. ಕಾನೂನು ಹಾಗೆ ಹೇಳುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಗಂಡ ಹೆಂಡತಿ ಕೂಡಿ ಬಾಳಿದ ಮನೆ ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಅದು 'ಹಂಚಿಕೊಂಡ ಮನೆ'. ಅಲ್ಲಿ ವಾಸಿಸುವ ಹಕ್ಕು ಆಕೆಗೆ ಇದೆ ಎನ್ನುತ್ತದೆ 17ನೇ ಕಲಂ. 19ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ಆಕೆಯನ್ನು ಹೊರಹಾಕಬಾರದು ಎಂದು ಆಜ್ಞೆ ಮಾಡಬಹುದು. ಗಂಡನೇ ಮನೆ ಬಿಟ್ಟು ಇರಬೇಕು ಎನ್ನಬಹುದು. ಅಂಥದೇ ಬೇರೆ ಮನೆ ಮಾಡಿಕೊಡು, ಇಲ್ಲವೇ ಅದರ ಬಾಡಿಗೆ ಕೊಡು ಎನ್ನಬಹುದು.

ಬಾಡಿಗೆ ಮನೆಯಲ್ಲಿ ಇನ್ನೊಂದು ಉಪಾಯ ನಡೆಯುತ್ತದೆ. ಗಂಡ ಹೊಡೆಯುವುದಿಲ್ಲ, ದೂಡುವುದಿಲ್ಲ. ಸದ್ದಿಲ್ಲದೆ ಮಾಲೀಕರ ಬಳಿ ಹೋಗಿ "ಮನೆ ಖಾಲಿ ಮಾಡುತ್ತೇನೆ" ಎಂದು ಹೇಳಿ ಮುಂಗಡ ಹಣ ತೆಗೆದುಕೊಂಡು ಹೊರಟುಬಿಡುತ್ತಾನೆ. ಹೆಂಡತಿ ಮಕ್ಕಳು ಬೀದಿಗೆ. ನ್ಯಾಯಾಲಯದ ಒಪ್ಪಿಗೆ ಇಲ್ಲದೆ ಆ ಮನೆಯ ಹಕ್ಕು ಬಿಟ್ಟುಕೊಡಬಾರದು ಎಂದು ತಡೆಯಾಜ್ಞೆ ಕೊಡಲು ಇದೇ ಕಲಮಿನಲ್ಲಿ ಅವಕಾಶವಿದೆ. ಅವನು ಹೊರಡುವ ಮೊದಲೇ ಅರ್ಜಿ ಹಾಕಬೇಕು.

ಬೆಂಗಳೂರಿನ ಒಂದು ಬಾಡಿಗೆ ಮನೆಯ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು. ಮಾಲೀಕರು ತೆರವಿಗೆ ದಾವೆ ಹೂಡಿದಾಗ ಬಾಡಿಗೆದಾರನಾದ ಗಂಡ ಕೈಚೆಲ್ಲಿದರೆ, ಅವನು ತೊರೆದ ಹೆಂಡತಿ ಅವನ ಜಾಗದಲ್ಲಿ ನಿಂತು ವಾದಿಸಬಹುದು. ಆದರೆ ಗಂಡನಿಗಿದ್ದುದಕ್ಕಿಂತ ಹೆಚ್ಚಿನ ಹಕ್ಕು ಆಕೆಗೆ ಬರುವುದಿಲ್ಲ. ಆ ಹೆಣ್ಣುಮಗಳಿಗೆ ಮಾತ್ರ ಇದರ ಫಲ ಸಿಗಲಿಲ್ಲ. ಅಷ್ಟರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಆಗಿಹೋಗಿತ್ತು. ಆದ್ದರಿಂದ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುವ ಮೊದಲು ತಲೆಯ ಮೇಲಿನ ಸೂರಿನ ಮಾತು ಅದರಲ್ಲಿ ಬರೆದಿದೆಯೇ ಎಂದು ಓದಿಸಿ ನೋಡಿ.

ಇನ್ನು ಭೋಗ್ಯದ ಹಣ. ತವರಿನವರು ಕೊಟ್ಟ ಬಳೆ, ಸರ ಮಾರಿ ಭೋಗ್ಯಕ್ಕೆ ಮನೆ ಹಿಡಿದಿರುತ್ತೀರಿ. ಪತ್ರ ಮಾತ್ರ ಗಂಡನ ಹೆಸರಿನಲ್ಲಿ. ಮನೆ ಬಿಡುವಾಗ ಹಣ ಅವನ ಕೈಗೆ. ನಿಮ್ಮ ಒಡವೆ ಸ್ತ್ರೀಧನ. ಅದನ್ನು ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆಜ್ಞೆ ಮಾಡಬಹುದು. ವರದಕ್ಷಿಣೆ ಯಾರೇ ತೆಗೆದುಕೊಂಡಿದ್ದರೂ ಅದು ಹೆಣ್ಣಿಗೇ ಸೇರಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಂ ಹೇಳುತ್ತದೆ. ಆದರೆ ಕೇಳಲು ಪುರಾವೆ ಬೇಕಲ್ಲ?

ಆದುದರಿಂದ ಈ ಕೆಲಸಗಳನ್ನು ಮಾಡಿ. ಕರಾರು ಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಸಾಮಾನ್ಯವಾಗಿ ಅದನ್ನು 11 ತಿಂಗಳಿಗೆ ಬರೆಯುತ್ತಾರೆ. ಹೊಸದಾಗಿ ಬರೆಯುವಾಗಲಾದರೂ ನಿಮ್ಮ ಹೆಸರು ಸೇರಿಸಿ. ಬಾಡಿಗೆಯನ್ನು ನಿಮ್ಮ ಖಾತೆಯಿಂದ ಕಟ್ಟಿ, ಇಲ್ಲವೇ ರಸೀದಿ ಪಡೆಯಿರಿ. ಕರಾರು, ಒಡವೆ ಮಾರಿದ ಚೀಟಿ, ಪಡಿತರ ಚೀಟಿ, ಮಕ್ಕಳ ಜನನ ಪತ್ರ ಇವುಗಳ ನಕಲನ್ನು ಸಂಘದ ನಂಬಿಕೆಯ ಗೆಳತಿಯ ಮನೆಯಲ್ಲಿಡಿ. ಒಂದು ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

ಏಟು ಬೀಳುತ್ತಿದ್ದರೆ 112ಕ್ಕೆ ಕರೆ ಮಾಡಿ. ಮಹಿಳಾ ಸಹಾಯವಾಣಿ 181. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅರ್ಜಿ ಬರೆಯಲು ಅವರು ನೆರವಾಗಬೇಕು. ಹೆಣ್ಣಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಕೊನೆಯದಾಗಿ ಒಂದು ಮಾತು. "ದಿನಾ ಜಗಳ, ಮನೆ ಖಾಲಿ ಮಾಡಿ" ಎಂದು ಮಾಲೀಕರು ಹೇಳುವುದು ಹೊಡೆದವನಿಗಲ್ಲ, ಹೊಡೆಸಿಕೊಂಡವಳಿಗೆ. ಆಗ ಅವಳೊಬ್ಬಳೇ ಹೋಗಿ ಬೇಡಿಕೊಳ್ಳುವುದು ಬೇಡ. ಸಂಘದ ನಾಲ್ಕು ಜನ ಜೊತೆಗೆ ಹೋಗಿ, "ಬಾಡಿಗೆ ಸರಿಯಾಗಿ ಬರುತ್ತಿದೆ, ನ್ಯಾಯಾಲಯದ ಆಜ್ಞೆಯಿಲ್ಲದೆ ಸಾಮಾನು ಹೊರಗಿಡುವಂತಿಲ್ಲ" ಎಂದು ಮರ್ಯಾದೆಯಿಂದಲೇ ಹೇಳಿ. ವಾರಕ್ಕೊಮ್ಮೆ ಉಳಿತಾಯದ ಹಣ ಎಣಿಸಲು ಸೇರುತ್ತೀರಲ್ಲ, ಮುಂದಿನ ಸಭೆಯಲ್ಲಿ ಇದನ್ನೂ ಎಣಿಸಿ: ನಮ್ಮಲ್ಲಿ ಎಷ್ಟು ಜನರ ಹೆಸರು ಕರಾರು ಪತ್ರದಲ್ಲಿದೆ?