ಕಲ್ಪಿತ ಸೃಷ್ಟಿಯಲ್ಲಿ ದೋಷವೆಂಬುದುಂಟೇ?



ಕಟಕೋಳದಂಥ ಊರಿನ ಮಕ್ಕಳ ಕೈಗೂ ಇಂದು ಮೊಬೈಲು ಬಂದಿರುವುದು. ಅದರ ಗಾಜಿನೊಳಗೆ ಊರು, ಅಡವಿ, ಕಾಳಗಗಳುಳ್ಳ ಕಲ್ಪಿತ ಲೋಕಗಳಿವೆ. ಆಟದ ಬಂಟನೊಬ್ಬನು ಗೋಡೆಯನ್ನು ತೂರಿ ಹೋದರೆ ಹುಡುಗರು 'ಬಗ್' ಎಂದು ಕೂಗುವರು. ಬಗ್ ಎಂದರೆ ಹುಳು. 1947ನೆಯ ಸೆಪ್ಟೆಂಬರ 9ರಂದು ಅಮೇರಿಕೆಯ ಹಾರ್ವರ್ಡದಲ್ಲಿದ್ದ ಗಣಕಯಂತ್ರವೊಂದರಲ್ಲಿ ನಿಜವಾದ ಪತಂಗವೇ ಸಿಕ್ಕು, ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿದ್ದುಂಟು. ಹೆಸರು ಮಾತ್ರ ಅದಕ್ಕಿಂತ ಹಳೆಯದು. ಆ ಹುಳುವನ್ನು ಕೈಯಿಂದ ತೆಗೆಯಬಹುದಾಗಿದ್ದಿತು. ಆಟದೊಳಗಿನ ಹುಳು ಎಲ್ಲಿರುವುದೆಂಬುದು ವಿಚಾರಣೀಯವು.

2005ರ ಸೆಪ್ಟೆಂಬರದಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಆಟದಲ್ಲಿ ಒಂದು ವಿಚಿತ್ರವು ನಡೆಯಿತು. ಹಕ್ಕಾರನೆಂಬವನು ತನ್ನೊಡನೆ ಕಾದಲು ಬಂದವರಿಗೆ ಅಂಟುರೋಗವನ್ನು ತಗಲಿಸುವಂತೆ ಅದರ ಕರ್ತೃಗಳು ಏರ್ಪಡಿಸಿದ್ದರು. ರೋಗವು ಅವನ ಸೀಮೆಯನ್ನು ದಾಟಬಾರದೆಂಬುದು ಅವರ ಸಂಕಲ್ಪ. ಆದರೆ ಆಟಗಾರರ ಸಾಕುಪ್ರಾಣಿಗಳಿಗೂ ಅದು ಅಂಟಿತು. ಪ್ರಾಣಿಯನ್ನು ಅಲ್ಲಿ ಅಡಗಿಸಿ ಪಟ್ಟಣದಲ್ಲಿ ಮರಳಿ ಕರೆದೊಡನೆ ರೋಗವೂ ಕೂಡಿಯೇ ಬಂದಿತು. ಬೀದಿಗಳು ಎಲುಬುಗಳಿಂದ ತುಂಬಿದವು. ಕೆಲವರು ಓಡಿದರು, ಕೆಲವರು ಉಪಚಾರಕ್ಕೆ ನಿಂತರು, ಕೆಲವರು ಬೇಕೆಂದೇ ಹರಡಿದರು. ಮನುಷ್ಯಸ್ವಭಾವವು ಅಷ್ಟು ನಿಚ್ಚಳವಾಗಿ ಕಂಡುದರಿಂದ 2007ರಲ್ಲಿ ರೋಗಶಾಸ್ತ್ರದ ಪಂಡಿತರೂ ಇದನ್ನು ಕುರಿತು ಬರೆದರು.

ಇಲ್ಲಿ ಮುರಿದುದಾದರೂ ಏನು? ಸಮೀಪಿಸಿದವನಿಗೆ ರೋಗವು ಅಂಟತಕ್ಕದ್ದೆಂಬ ಕಟ್ಟಳೆಯು ಕೂದಲೆಳೆಯಷ್ಟೂ ತಪ್ಪಲಿಲ್ಲ. ಯಂತ್ರವು ಹೇಳಿದುದನ್ನೇ ಮಾಡಿತು. ರಾಮದುರ್ಗ ಸೀಮೆಯ ನೇಕಾರರು ಇದನ್ನು ಬಲ್ಲರು: ಹೊಕ್ಕಿನ ಎಳೆಯೊಂದು ತಪ್ಪಿದರೆ ನೂಲಿಗೆ ಏನೂ ತಿಳಿಯದು; ಅಂಚಿನ ಚಿತ್ತಾರವನ್ನು ಮನದಲ್ಲಿಟ್ಟುಕೊಂಡವನಿಗೇ ಅದು ತಪ್ಪು. ಆದುದರಿಂದ ದೋಷವು ಕಲ್ಪಿತ ಲೋಕದಲ್ಲಿ ಇರುವ ವಸ್ತುವಲ್ಲ. ಕರ್ತೃವಿನ ಸಂಕಲ್ಪಕ್ಕೂ ಅವನು ಬರೆದ ಕಟ್ಟಳೆಗೂ ನಡುವಿನ ಅಂತರಕ್ಕೆ ಇಟ್ಟ ಹೆಸರು.

ಹಾಗಾದರೆ ಈ ನಿಜವಾದ ಸೃಷ್ಟಿಯಲ್ಲಿ? ಮನುಷ್ಯನ ಕಣ್ಣಿನಲ್ಲಿ ನರಗಳು ಬೆಳಕನ್ನರಿಯುವ ಪೊರೆಯ ಮುಂದೆ ಹರಡಿ, ಒಂದೆಡೆ ಅದನ್ನು ತೂರಿ ಹೊರಡುವುದರಿಂದ ಅಲ್ಲೊಂದು ಕುರುಡು ತಾಣವಿರುವುದು. ಕಡಲಿನ ಆಕ್ಟೋಪಸ್ಸಿನ ಕಣ್ಣಿಗೆ ಅದಿಲ್ಲ. ಇದನ್ನು ತಪ್ಪೆನ್ನಬೇಕಾದರೆ ಮೂಲದ ನಕ್ಷೆಯು ಯಾರ ಕೈಯಲ್ಲಿದೆ?

ನಕ್ಷೆಯಿಲ್ಲದೆಯೇ ದೋಷವನ್ನು ಗುರುತಿಸಿದವರು ಮಾತ್ರ ಹೇರಳ. ಮುಟ್ಟಾದವಳು ಮೈಲಿಗೆ, ಹೆತ್ತ ಮನೆ ಮೈಲಿಗೆ, ಹುಟ್ಟಿದ ಕುಲವೇ ಮೈಲಿಗೆ ಎಂದರು. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದಾಗ ಅವರು ಸೃಷ್ಟಿಯನ್ನೇನೂ ತಿದ್ದಲಿಲ್ಲ. ಮನುಷ್ಯನು ಅಂಟಿಸಿದ ಚೀಟಿಯನ್ನು ಕಿತ್ತರು. ಹುಟ್ಟುಕುರುಡ ಕೂಸನ್ನು ಕಂಡು ಇದು ಯಾರ ದೋಷವೆಂದು ತಾಯಿಯನ್ನು ಕೇಳುವವರು ಇನ್ನೂ ಉಂಟು. ಆ ಕೂಸಿನ ತೊಂದರೆಯು ಸುಳ್ಳಲ್ಲ. ಆದರೆ ತೊಂದರೆ ಬೇರೆ, ದೋಷ ಬೇರೆ.

ಆ ಆಟದ ಪಿಡುಗಾದರೋ, 2005ರ ಅಕ್ಟೋಬರದಲ್ಲಿ ಸಾಕುಪ್ರಾಣಿಗಳಿಗೆ ಅಂಟದಂತೆ ಕಟ್ಟಳೆಯನ್ನು ತಿದ್ದಿದ ಮೇಲೆ ನಿಂತಿತು. ಅಲ್ಲಿಯವರೆಗೆ ಉಪಚಾರಕ್ಕೆ ನಿಂತವರು ತಪ್ಪು ಯಾರದೆಂದು ಕೇಳುತ್ತ ಕೂಡಲಿಲ್ಲ.